ಏಳನೇ ಪ್ರಶ್ನೆಯ ಚಷ್ಮಾ

ತನ್ನ ದನಿಯನ್ನು ತಾನೇ ಕೇಳುವುದೆಂದರೆ ಭಾಗ್ಯಜ್ಯೋತಿಗೆ ಮೈ ಮುದುಡಿ ಬರುತ್ತಿತ್ತು. ಆ ಭಾನುವಾರ ಬೆಳಿಗ್ಗೆ ಇಂಡಿ ಊರಿನ ಕಚೇರಿಯಲ್ಲಿ ಒಬ್ಬಳೇ ಕೂತು ಡೈರಿಯಲ್ಲಿ ಬರೆದದ್ದೂ ಅದನ್ನೇ: "ಇನ್ನೊಂದು ತಾಸಿಗೆ ನಾಲ್ಕು ಊರುಗಳಲ್ಲಿ ಮುನ್ನೂರು ಮಕ್ಕಳು ನನ್ನ ದನಿ ಕೇಳುತ್ತಾರೆ. ಒಬ್ಬರಾದರೂ ನಕ್ಕರೆ?"

ಪೆನ್ನಿನ ಟೊಪ್ಪಿಗೆ ಹಾಕುವಷ್ಟರಲ್ಲಿ ಫೋನು ಬಡಿದುಕೊಂಡಿತು. ಮುದ್ದೇಬಿಹಾಳದ ಹೆಡ್ ಮಾಸ್ತರು ಶಂಕರೆಪ್ಪ.

"ಚಂದ್ರಾಮ ಸಾಹೇಬ್ರು ಅದಾರೇನ್ರಿ?"

"ಸಿಂದಗಿಗೆ ಹೋಗ್ಯಾರ್ರಿ. ಏನಾತ್ರಿ?"

ಆಚೆ ಕಡೆಯ ದನಿ ತಗ್ಗಿತು. "ಚೀಲದ ಸೀಲು ಒಡದೈತ್ರಿ."

ಭಾಗ್ಯಜ್ಯೋತಿ ಸಿಂದಗಿಯ ನಂಬರು ಹುಡುಕತೊಡಗಿದಳು.

ಅವಳು ಕೆಲಸ ಮಾಡುತ್ತಿದ್ದುದು ಒಂದು ಶಿಕ್ಷಣ ಸಂಘದಲ್ಲಿ. ಅದು 2001ರ ಜನವರಿ. ಒಂಬತ್ತನೇ ಇಯತ್ತೆಯ ಮಕ್ಕಳಿಗೆ ಸಂಘ ಇಂಗ್ಲಿಷ್ ಪರೀಕ್ಷೆ ಇಟ್ಟಿತ್ತು. ಕೇಳಿ ಬರೆಯುವುದಕ್ಕೆ ಇಪ್ಪತ್ತು ಅಂಕ, ಓದಿ ಬರೆಯುವುದಕ್ಕೆ ಮೂವತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಹೀಗೆ ನಾಲ್ಕು ಕೇಂದ್ರ. ಆರಿಸಿ ಬಂದ ಹತ್ತು ಮಕ್ಕಳಿಗೆ ಬಿಜಾಪುರದಲ್ಲಿ ಪಿಯುಸಿ ಮುಗಿಯುವ ತನಕ ಓದು, ಊಟ, ವಸತಿ ಎಲ್ಲ ಸಂಘದ್ದೇ.

ಕೇಂದ್ರಕ್ಕೊಂದು ಖಾಕಿ ಬಟ್ಟೆಯ ಚೀಲ. ಬಾಯಿಗೆ ದಾರ ಕಟ್ಟಿ ಅರಗಿನ ಸೀಲು ಒತ್ತಿದ್ದರು. ಒಳಗೆ ಎರಡೇ ವಸ್ತು. ಒಂದು, ಭಾಗ್ಯಜ್ಯೋತಿ ಓದಿದ ಕಥೆಯ ಕ್ಯಾಸೆಟ್. ಇನ್ನೊಂದು, ಅದೇ ಕಥೆಯನ್ನು ಟೈಪು ಮಾಡಿದ ಹಾಳೆಗಳ ಲಕೋಟೆ. ಅದರ ಮೇಲೆ ಚಂದ್ರಾಮರ ಅಕ್ಷರ: "ಕರೆಂಟ್ ಹೋದರೆ ಮಾತ್ರ." ಕರೆಂಟನ್ನು ನಂಬಿ ಪರೀಕ್ಷೆ ಇಡುವ ಸೀಮೆಯಲ್ಲವಲ್ಲ ಇದು. ಟೇಪು ನಿಂತರೆ ಮಾಸ್ತರು ಲಕೋಟೆ ಒಡೆದು ಗಟ್ಟಿಯಾಗಿ ಓದಬೇಕು. ಕರೆಂಟ್ ಇದ್ದರೆ ಲಕೋಟೆ ಹಾಗೇ ಮರಳಬೇಕು. ಪ್ರಶ್ನೆಪತ್ರಿಕೆಗಳು ಮಾತ್ರ ಬೇರೆ. ಪರೀಕ್ಷೆಯ ದಿನವೇ ಜೀಪಿನಲ್ಲಿ ಹೋಗುತ್ತಿದ್ದವು.

ಸಿಂದಗಿಗೆ ಫೋನು ಹೋಯಿತು. ಕಾರ್ಯದರ್ಶಿ ಚಂದ್ರಾಮ ಒಂದೇ ಮಾತು ಹೇಳಿದರು. "ಹುಡುಗ್ರು ಬಂದು ಕುಂತಾವು. ಪರೀಕ್ಷಾ ನಡೀಲಿ. ಕಳ್ಳರನ್ನ ಆಮ್ಯಾಲ ಹಿಡಿಯೂಣು."

* * *

ಮೂರೇ ದಿನಕ್ಕೆ ಕಳ್ಳರು ಸಿಕ್ಕರೆಂದು ಚಂದ್ರಾಮರು ತೀರ್ಮಾನಿಸಿಬಿಟ್ಟರು.

"ಇಲ್ಲಿ ನೋಡು ಭಾಗ್ಯಾ. ಮುದ್ದೇಬಿಹಾಳ ಸೆಂಟರ್, ಕಾವೇರಿ ಚಂದಪ್ಪ. ಕೇಳೂದ್ರಾಗ ಇಪ್ಪತ್ತಕ್ಕ ಹತ್ತೊಂಬತ್ತು. ನಾಲ್ಕೂ ತಾಲೂಕಿನಾಗ ಇಷ್ಟು ಯಾರಿಗೂ ಇಲ್ಲ."

"ಶಾಣ್ಯಾ ಇರ್ಬೇಕ್ರಿ."

"ಅವ್ವ ಯಾರು ಗೊತ್ತೈತೇನು? ಕಸ್ತೂರೆವ್ವ. ಅದ ಸಾಲಿ ಕಸಾ ಹೊಡಿಯಾಕಿ. ಚೀಲಾ ಇಟ್ಟ ಕಪಾಟಿನ ಕೀಲಿಕೈ ಆಕಿ ಸೊಂಟದಾಗ ಇರ್ತೈತಿ. ಟೇಪ್ ರೆಕಾರ್ಡರೂ ಅದ ಖೋಲ್ಯಾಗ. ತಾಯಿ ಚೀಲಾ ಬಿಚ್ಚ್ಯಾಳ, ಮಗಳು ಕ್ಯಾಸೆಟ್ ಹಚ್ಚಿ ಕೇಳ್ಯಾಳ. ಇನ್ನೇನ್ ಬೇಕು?"

ನಾಳೆ ಮುದ್ದೇಬಿಹಾಳದಲ್ಲಿ ಸಭೆ. ಹುಡುಗಿಯ ಹೆಸರು ಹೊಡೆಯುವುದು, ತಾಯಿಯ ಕೆಲಸ ಬಿಡಿಸುವುದು. ನಡಾವಳಿ ಬರೆಯಲು ಭಾಗ್ಯಜ್ಯೋತಿಯೂ ಬರಬೇಕು. ಹೊರಡುವಾಗ ಬಾಗಿಲಲ್ಲಿ ತಿರುಗಿ ನಿಂತು ಚಂದ್ರಾಮರು ಸೇರಿಸಿದರು. "ಈ ಕೆಲಸ ಸಸೂತ್ರ ಮುಗೀತಂದ್ರ ನಿನ್ನ ಪರ್ಮನೆಂಟ್ ಆರ್ಡರಿಗೆ ಸಹಿ ಮಾಡ್ತೇನಿ."

ಬಿ.ಎ. ಮುಗಿಸಿ ಎರಡು ವರ್ಷ. ಆ ಆರ್ಡರಿಗಾಗಿ ಅವಳು ದಿನ ಎಣಿಸುತ್ತಿದ್ದಳು. ಆದರೂ ಕೈ ಉತ್ತರಪತ್ರಿಕೆಗಳನ್ನು ಮತ್ತೆ ಎಳೆದುಕೊಂಡಿತು.

ಕಾವೇರಿ ಓದಿ ಬರೆಯುವುದರಲ್ಲೂ ಇಪ್ಪತ್ತೇಳು ಪಡೆದಿದ್ದಳು. ಆ ಪ್ರಶ್ನೆಪತ್ರಿಕೆ ಪರೀಕ್ಷೆಯ ದಿನವೇ ಜೀಪಿನಲ್ಲಿ ಹೋದದ್ದು. ಅದನ್ನು ಯಾರೂ ಮೊದಲೇ ಕಂಡಿರುವುದು ಸಾಧ್ಯವಿಲ್ಲ. ಹಾಗಾದರೆ ಹುಡುಗಿಗೆ ಇಂಗ್ಲಿಷ್ ನಿಜವಾಗಿಯೂ ಬರುತ್ತದೆ. ಇನ್ನು ಕಳ್ಳತನ ಯಾಕೆ?

ಅವಳು ಬಿಟ್ಟದ್ದು ಒಂದೇ ಪ್ರಶ್ನೆ. ಏಳನೆಯದು. ನದಿ ದಾಟಿಸಿದ್ದಕ್ಕೆ ಅಂಬಿಗ ಡಾಕ್ಟರನಲ್ಲಿ ಏನು ಬೇಡಿದ? ಉತ್ತರ: ಚಷ್ಮಾ.

ಭಾಗ್ಯಜ್ಯೋತಿ ಇಂಡಿಯ ಕಟ್ಟು ಬಿಚ್ಚಿದಳು. ಏಳನೆಯದಕ್ಕೆ ಯಾರೂ ಚಷ್ಮಾ ಎಂದು ಬರೆದಿರಲಿಲ್ಲ. ಸಿಂದಗಿಯಲ್ಲಿ ಇಲ್ಲ. ಬಾಗೇವಾಡಿಯಲ್ಲಿ ಇಲ್ಲ. ಕೆಲವರು ಅಕ್ಕಿ, ಕೆಲವರು ಔಷಧ, ಉಳಿದವರು ಖಾಲಿ. ಮುದ್ದೇಬಿಹಾಳದಲ್ಲಿ ಮಾತ್ರ ಹನ್ನೊಂದು ಮಕ್ಕಳು ಚಷ್ಮಾ ಎಂದೇ ಬರೆದಿದ್ದರು. ಅವರಿಗೆ ಕೇಳುವುದರಲ್ಲಿ ಹದಿನೈದು, ಹದಿನಾರು ಬಂದಿತ್ತು. ಓದುವುದರಲ್ಲಿ ಯಾರೂ ಹನ್ನೊಂದು ದಾಟಿರಲಿಲ್ಲ.

ಆ ಕಥೆ ಅವಳೇ ಕಟ್ಟಿದ್ದು. ಕೊಲ್ಹಾರದಲ್ಲಿ ಸೇತುವೆ ಆಗುವ ಮೊದಲಿನ ಅಂಬಿಗನ ಕಥೆ. ಹಾಳೆ ತೆಗೆದು ನೋಡಿದಳು. ಚಷ್ಮಾದ ಮಾತು ಮೂರನೇ ಪುಟದಲ್ಲಿತ್ತು. ಅದನ್ನು ಬಾಯಿಂದ ಓದಿದ ನೆನಪೇ ಆಗಲಿಲ್ಲ.

ಕ್ಯಾಸೆಟ್ ಕೇಳಲೇಬೇಕಾಯಿತು. ನಾಲ್ಕರಲ್ಲಿ ಉಳಿದದ್ದು ಮುದ್ದೇಬಿಹಾಳದ್ದೊಂದೇ. ಮಿಕ್ಕ ಮೂರರ ಮೇಲೆ ಚಂದ್ರಾಮರು ಆಗಲೇ ಮಠದ ಪ್ರವಚನ ತುಂಬಿಸಿದ್ದರು. ಒಂದು ವಸ್ತುವನ್ನೂ ಹಾಳು ಮಾಡುವ ಕೈಯಲ್ಲ ಅವರದು.

ಬಾಗಿಲು ಮುಂದೆ ಮಾಡಿ ಗುಂಡಿ ಒತ್ತಿದಳು. ತನ್ನದೇ ದನಿ, ಯಾರದೋ ಹೆದರಿದ ಹುಡುಗಿಯ ದನಿಯಂತೆ ಹೊರಬಂತು. ಹಾಳೆಯ ಮೇಲೆ ಬೆರಳಿಟ್ಟು ಕೇಳುತ್ತ ಹೋದಳು. ಎರಡನೇ ಪುಟ ಮುಗಿಯಿತು. ದನಿ ನೇರ ನಾಲ್ಕನೇ ಪುಟಕ್ಕೆ ಹೋಯಿತು.

ಬಿಜಾಪುರದ ಫಕ್ರುದ್ದೀನನ ಕ್ಯಾಸೆಟ್ ಅಂಗಡಿಯ ಸಣ್ಣ ಖೋಲಿ ಕಣ್ಣ ಮುಂದೆ ಬಂತು. ಸದ್ದು ಬೀಳಬಾರದೆಂದು ಫ್ಯಾನು ಆರಿಸಿದ್ದರು. ಬೆವರಿದ ಬೆರಳು ಎರಡು ಹಾಳೆ ಕೂಡಿಸಿ ಮಗುಚಿತ್ತು. "ಒಮ್ಮೆ ಕೇಳಿ ನೋಡ್ರಿ ಮೇಡಮ್" ಎಂದಿದ್ದ ಫಕ್ರುದ್ದೀನ. "ಬ್ಯಾಡ್ರಿ, ಸರಿ ಐತಿ" ಎಂದು ಅವಳು ಎದ್ದು ಬಂದಿದ್ದಳು.

* * *

ಬಿಜಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಬಾಗೇವಾಡಿ ಮೇಲೆ ಹಾಯ್ದು ಇನ್ನೊಂದು. ಮುದ್ದೇಬಿಹಾಳದ ಶಾಲೆ ಮುಟ್ಟಿದಾಗ ಹನ್ನೆರಡು. ಚಂದ್ರಾಮರು ಹೆಡ್ ಮಾಸ್ತರ ಮನೆಗೆ ಊಟಕ್ಕೆ ಹೋದರು. ಭಾಗ್ಯಜ್ಯೋತಿ ಹಸಿವಿಲ್ಲವೆಂದು ಶಾಲೆಯಲ್ಲೇ ಉಳಿದಳು.

ಕಸ್ತೂರೆವ್ವ ಮೆಟ್ಟಿಲ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕಾವೇರಿ, ಬಿಗಿಯಾಗಿ ಎರಡು ಜಡೆ.

"ನನ್ನ ಕೆಲಸಾ ಹೋದ್ರ ಹೋಗ್ಲಿ ಅಕ್ಕಾರ," ಎಂದಳು ಕಸ್ತೂರೆವ್ವ. "ಈಕಿ ಸೀಟು ತಗೀಬ್ಯಾಡ್ರಿ. ಇವರಪ್ಪ ಹೇಳಿಬಿಟ್ಟಾನ. ಸೀಟು ಸಿಕ್ರ ಸಾಲಿ, ಇಲ್ಲಂದ್ರ ಕುರಿ ಹಿಂದ."

"ಏಳನೇದು ಯಾಕ ಬಿಟ್ಟಿ ನೀ?" ಭಾಗ್ಯಜ್ಯೋತಿ ಹುಡುಗಿಯನ್ನು ಕೇಳಿದಳು.

"ಅದನ್ನ ಹೇಳಲೇ ಇಲ್ಲಲ್ರಿ ಅಕ್ಕಾರ."

"ನಿನಗ ಕೇಳಿಸಿರ್ಲಿಕ್ಕಿಲ್ಲ."

ಹುಡುಗಿ ತಲೆ ಎತ್ತಿದಳು. "ಸಂಜಿಮುಂದ ಹಿಂಡಿನಾಗ ಒಂದು ಮರಿ ದನಿ ಕಡಿಮಿ ಆದ್ರ ನನಗ ತಿಳೀತೈತ್ರಿ. ನೀವು ಹೇಳಿದ್ರ ಕೇಳಿಸ್ತಿತ್ತು."

ಭಾಗ್ಯಜ್ಯೋತಿ ತಾಯಿಯ ಕಡೆ ತಿರುಗಿದಳು.

"ಕಸ್ತೂರೆವ್ವಾ, ಚೀಲಾ ಕಪಾಟಿಗೆ ಯಾರು ಇಟ್ರು?"

"ಹೆಡ್ ಮಾಸ್ತರ್ರಿ. ಶನಿವಾರ ಸಂಜಿಕೆ. ಪೇಪರದಾಗ ಸುತ್ತಿದ್ದು ಹಂಗ ಒಳಗಿಟ್ರು. ನಾ ಕೀಲಿ ಹಾಕ್ದೆ."

ಶನಿವಾರ? ಇಂಡಿಯಿಂದ ಚೀಲ ಹೊರಟದ್ದು ಶುಕ್ರವಾರ ಮಧ್ಯಾಹ್ನ.

* * *

ಸಭೆಯಲ್ಲಿ ನಾಲ್ಕು ಕುರ್ಚಿ. ಚಂದ್ರಾಮರು, ಶಂಕರೆಪ್ಪ, ಭಾಗ್ಯಜ್ಯೋತಿ, ಶಾಲೆಯ ಇಂಗ್ಲಿಷ್ ಮಾಸ್ತರು ಸಂಜೀವಕುಮಾರ. ಮನೆಯಲ್ಲಿ ಟ್ಯೂಷನ್ ನಡೆಸುವವರು, ಇಸ್ತ್ರಿ ಅಂಗಿ, ನಗುಮುಖ. ಆ ಹನ್ನೊಂದು ಮಕ್ಕಳೂ ಅವರಲ್ಲಿಗೇ ಟ್ಯೂಷನ್ನಿಗೆ ಹೋಗುವವರೆಂದು ಕಾವೇರಿ ಹೇಳಿದ್ದಳು. ತಾಯಿ ಮಗಳು ಬಾಗಿಲ ಬಳಿ ನಿಂತಿದ್ದರು.

"ಬರಕೋ," ಎಂದರು ಚಂದ್ರಾಮರು.

ಭಾಗ್ಯಜ್ಯೋತಿ ಪೆನ್ನು ತೆರೆಯಲಿಲ್ಲ. "ಒಂದೆರಡು ಕೇಳೂದೈತ್ರಿ ಸರ್." ದನಿ ಅರ್ಧಕ್ಕೇ ನಿಂತಿತು. ಶಂಕರೆಪ್ಪನ ಕಡೆ ತಿರುಗಿದಳು. "ಹೆಡ್ ಮಾಸ್ತರ್ರ, ಚೀಲಾ ತಗೊಂಡಾಗ ಸೀಲು ನೋಡಿದ್ರೇನ್ರಿ?"

ಶಂಕರೆಪ್ಪನ ಮುಖ ಬಿಳುಚಿತು. ಎಲ್ಲ ಕಪಾಟುಗಳ ಯಜಮಾನ ಅವನೇ. ಬೆಳಗಿನಿಂದ ಯಾರ ಕಣ್ಣಿಗೂ ಕಣ್ಣು ಕೊಟ್ಟಿರಲಿಲ್ಲ. ಕಳ್ಳ ಇವನೇ ಇರಬಹುದೇ ಎಂದು ಅವಳಿಗೂ ಒಂದು ಗಳಿಗೆ ಅನಿಸಿತ್ತು.

"ಇಲ್ರಿ," ಎಂದ ಕೊನೆಗೆ. "ಪೇಪರ್ ಬಿಚ್ಚಲಿಲ್ಲ. ಸೀಲು ಸರಿ ಐತಿ ಅಂತ ರಜಿಸ್ಟರದಾಗ ಸಹಿ ಮಾತ್ರ ಮಾಡೇನಿ. ಆ ಸಹಿಗೆ ಹೆದರಿ ಸುಮ್ನಿದ್ದೆ. ಐತವಾರ, ಪರೀಕ್ಷಾ ದಿನ ಮುಂಜಾನೆ ಹಿಡದು ಎಳದೆ, ಅರಗು ಕೈಯಾಗ ಬಂತು."

"ಇಂಡಿಯಿಂದ ಚೀಲಾ ತಂದವ್ರು ಯಾರ್ರಿ?"

"ನಾನ," ಎಂದರು ಸಂಜೀವಕುಮಾರ. "ಬಸ್ಸು ತಡಾ ಆತು. ರಾತ್ರಿ ನಮ್ಮ ಮನ್ಯಾಗ ಇತ್ತು. ಅದಕ್ಕೇನೀಗ?"

ಭಾಗ್ಯಜ್ಯೋತಿ "ಕರೆಂಟ್ ಹೋದರೆ ಮಾತ್ರ" ಲಕೋಟೆಯನ್ನು ಮೇಜಿನ ಮೇಲಿಟ್ಟಳು. "ಪರೀಕ್ಷಾ ದಿನ ಇಲ್ಲಿ ಕರೆಂಟ್ ಹೋಗಿಲ್ಲ. ಇದನ್ನ ಯಾರೂ ಬಿಚ್ಚಿಲ್ಲ ಅಂತ ರಿಪೋರ್ಟ್ ಐತಿ. ನಮ್ಮ ಕಚೇರ್ಯಾಗ ನಾವು ಮೈದಾ ಕುದಿಸಿ ಅಂಟು ಮಾಡ್ತೇವ್ರಿ. ಒಣಗಿದ್ರ ಬೆಳ್ಳಗ ಉದುರ್ತೈತಿ. ಇದು ನೋಡ್ರಿ, ಹೊಳೀತೈತಿ. ಬಾಟ್ಲಿ ಗೋಂದು."

ಚಂದ್ರಾಮರು ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಉಗುರಿನಿಂದ ಕೆರೆದು ನೋಡಿದರು.

"ಗೋಂದು ಎಲ್ಲಾರ ಮನ್ಯಾಗೂ ಇರ್ತೈತಿ ಬಿಡ್ರಿ ಮೇಡಮ್," ಸಂಜೀವಕುಮಾರ ನಕ್ಕರು. "ಕಸಾ ಹೊಡಿಯಾಕಿಗೂ ಸಿಗ್ತೈತಿ."

"ಹೌದ್ರಿ. ಸರ್, ಪರೀಕ್ಷಾ ಮುಂದ ಹಾಲಿನ್ಯಾಗ ನೀವ ಇದ್ರೇನು?"

"ಮೊದಲಿಂದ ಕಡೀತನಕ. ಟೇಪ್ ಹಚ್ಚಿದಾಂವ ನಾನ."

"ಏಳನೇ ಪ್ರಶ್ನೆ ಭಾಳ ಕಠಿಣ ಆತಂತ. ಮೂರು ಸೆಂಟರಿನ್ಯಾಗ ಒಬ್ಬರೂ ಸರಿ ಬರ್ದಿಲ್ಲ. ನಿಮ್ಮ ಟ್ಯೂಷನ್ ಹುಡುಗ್ರು ಹನ್ನೊಂದು ಮಂದಿ ಅಷ್ಟ ಬರದಾರ."

"ಆ ಊರಿನ ಹುಡುಗ್ರು ದಡ್ಡ ಇರ್ಬೇಕು. ಅಂಬಿಗ ಚಷ್ಮಾ ಬೇಡ್ತಾನ. ನನ್ನ ಕಿವಿಲೇ ಕೇಳೇನಿ. ನಿಮ್ಮ ದನಿ ಸ್ಪಷ್ಟ ಐತಿ ಬಿಡ್ರಿ, ಹೊಗಳಬೇಕು."

ಭಾಗ್ಯಜ್ಯೋತಿ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದಳು.

ಕಥೆ ಮೊದಲಿಂದ ಕೊನೆಯವರೆಗೆ ಹರಿಯಿತು. ಅಂಬಿಗ ಬಂದ, ದೋಣಿ ಬಂತು, ಡಾಕ್ಟರ ಹಳ್ಳಿ ಮುಟ್ಟಿದ. ಚಷ್ಮಾ ಬರಲೇ ಇಲ್ಲ. ಟೇಪು ಟಕ್ಕೆಂದು ನಿಂತಿತು.

"ಚಷ್ಮಾದ ಮಾತು ಲಕೋಟೆ ಒಳಗಿನ ಹಾಳಿ ಮ್ಯಾಲೆ ಅಷ್ಟ ಐತಿ," ಎಂದಳು ಭಾಗ್ಯಜ್ಯೋತಿ. "ಕಿವಿಲೆ ಕೇಳಿದವ್ರಿಗೆ ಅದು ಗೊತ್ತಾಗೂದಿಲ್ಲ. ಹಾಳಿ ಓದಿದವ್ರಿಗೆ ಅಷ್ಟ ಗೊತ್ತಿರ್ತೈತಿ. ಶುಕ್ರವಾರ ರಾತ್ರಿ ಚೀಲ ಬಿಚ್ಚಿದ್ದು ಕ್ಯಾಸೆಟ್ಟಿಗಲ್ಲ, ಹಾಳಿಗೆ. ಟ್ಯೂಷನ್ ಹುಡುಗ್ರು ಕಥಿ ಬಾಯಿಪಾಠ ಮಾಡ್ಯಾರ. ಸಂಶೆ ಬರಬಾರದಂತ ಮಾಸ್ತರು ನಾಕೈದು ಬೇಕಂತ ತಪ್ಪು ಬರಿಸ್ಯಾರ. ಓದೂ ಪರೀಕ್ಷಾದಾಗ ಮಾತ್ರ ಅವರ ಬಣ್ಣ ಹೊರಗ ಬಿದ್ದೈತಿ. ಕಾವೇರಿ ಏಳನೇದು ಖಾಲಿ ಬಿಟ್ಟಾಳ. ಯಾಕಂದ್ರ ಆಕಿ ಖರೇನ ಕೇಳ್ಯಾಳ."

ಸಂಜೀವಕುಮಾರರ ನಗು ಮಾಯವಾಯಿತು. ನಾಲಿಗೆ ಮಾತ್ರ ಚುರುಕಾಗೇ ಇತ್ತು.

"ಚಂದ್ರಾಮ ಸರ್, ಪರೀಕ್ಷಾ ಆದ ಮ್ಯಾಲ ಕ್ಯಾಸೆಟ್ ಒಂದು ರಾತ್ರಿ ಇದ ಕಪಾಟಿನ್ಯಾಗ ಇತ್ತು. ಮಗಳು ಒಂದು ಪ್ರಶ್ನೆ ಬಿಟ್ಟಾಳ ಅಂತ ಗೊತ್ತಾಗಿ ಈ ಹೆಣ್ಮಗಳು ಅಷ್ಟು ತುಣುಕು ಅಳಿಸ್ಯಾಳ. ಕ್ಯಾಸೆಟ್ ಕೆಡಿಸಿದ್ದಕ್ಕ ಪೊಲೀಸರಿಗೆ ಕೊಡ್ರಿ ಈಕಿನ್ನ."

ಕಸ್ತೂರೆವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಕಾವೇರಿ ಅವ್ವನ ಸೆರಗು ಹಿಡಿದಳು.

ಚಂದ್ರಾಮರು ಫೈಲು ಬಿಡಿಸಿ, ಕ್ಯಾಸೆಟ್ ತಂದ ದಿನ ಭಾಗ್ಯಜ್ಯೋತಿ ಕೊಟ್ಟಿದ್ದ ಕಾಗದ ತೆಗೆದರು. ಗಟ್ಟಿಯಾಗಿ ಓದಿದರು. "ಕ್ಯಾಸೆಟ್ಟನ್ನು ಪೂರ್ತಿ ಕೇಳಿದ್ದೇನೆ. ಹಾಳೆಯಲ್ಲಿದ್ದಂತೆಯೇ ಇದೆ. ಸಹಿ, ಭಾಗ್ಯಜ್ಯೋತಿ." ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ನೀನ ಸಹಿ ಮಾಡೀದಿ. ಅಂದ್ರ ಆಗ ಈ ಮಾತು ಟೇಪಿನ್ಯಾಗ ಇತ್ತು. ಈಗಿಲ್ಲ. ಮಾಸ್ತರ ಹೇಳೂದು ಸುಳ್ಳು ಅನ್ನೂದು ಹ್ಯಾಂಗ?"

ಹೊರಗೆ ಮೈದಾನದಲ್ಲಿ ಯಾವುದೋ ತರಗತಿಯ ಮಕ್ಕಳು ಖೋ ಖೋ ಆಡುತ್ತಿದ್ದರು. ಭಾಗ್ಯಜ್ಯೋತಿಗೆ ತನ್ನ ಆರ್ಡರು ನೆನಪಾಯಿತು. ಇನ್ನೂ ಟೈಪಾಗದ ಆ ಒಂದು ಹಾಳೆ. ಹೇಳಬೇಕಾದ ಮಾತನ್ನು ಡೈರಿಯಲ್ಲಾದರೆ ಬರೆದುಬಿಡಬಹುದಿತ್ತು. ಆದರೆ ಬರೆದಿಟ್ಟರೆ ಈ ಹುಡುಗಿಗೆ ಏನೂ ಸಿಗುವುದಿಲ್ಲ.

"ಆ ಸಹಿ ಸುಳ್ರಿ," ಎಂದಳು.

ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಸಂಜೀವಕುಮಾರರೊಬ್ಬರೇ ಕೇಳಿಸಿಕೊಂಡರು. ಅವರ ಕೈ ಮೇಜಿನಿಂದ ಮೆಲ್ಲಗೆ ಕೆಳಗಿಳಿಯಿತು, ಕಣ್ಣು ಬಾಗಿಲು ಹುಡುಕಿತು. ಅಲ್ಲಿ ಶಂಕರೆಪ್ಪ ಎದ್ದು ಹೋಗಿ ಅಡ್ಡ ನಿಂತಿದ್ದ.

"ಏನಂದಿ?" ಚಂದ್ರಾಮರು ಕಿವಿ ಮುಂದೆ ತಂದರು. "ಗಟ್ಟ್ಯಾಗಿ ಹೇಳವಾ."

ಭಾಗ್ಯಜ್ಯೋತಿ ಎದ್ದು ನಿಂತಳು. ಈ ಸಲ ದನಿ ಮೈದಾನದವರೆಗೂ ಹೋಯಿತು.

"ಚಷ್ಮಾದ ಆ ಮೂರನೇ ಹಾಳಿ ಟೇಪಿಗೆ ನಾನ ಓದಿಲ್ಲ ಸರ್. ಕ್ಯಾಸೆಟ್ ಕೇಳದ ಸಹಿ ಮಾಡೇನಿ."