ಅಳಿಸಿಹೋದ ಅರ್ಧ ಹೆಸರು

ಮಾರ್ಚ್ ಹನ್ನೊಂದು, ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಲ್ಯಾಂಕಶೈರ್ ಬೆಟ್ಟಸೀಮೆಯ ಹ್ಯಾರಪ್ ಠಾಣೆಗೆ ಕುರಿ ಸಾಕುವ ಮುದುಕ ಆರ್ನಲ್ಡ್ ವಿಂಟರ್‌ಬಾಟಮ್ ಬಂದು ದೂರು ಕೊಟ್ಟರು. ಚರ್ಚಿನ ಅಂಗಳದಲ್ಲಿದ್ದ ಅವರ ಮನೆತನದ ಏಳೂ ಸಮಾಧಿಕಲ್ಲುಗಳಲ್ಲಿ ‘ಬಾಟಮ್’ ಎಂಬ ಭಾಗವನ್ನು ಯಾರೋ ಉಳಿಯಿಂದ ಕೆತ್ತಿ ತೆಗೆದಿದ್ದರು. ಉಳಿದದ್ದು ಬರೀ ‘ವಿಂಟರ್’.

ಕಾನ್‌ಸ್ಟೇಬಲ್ ಡಾಬ್ಸನ್ ನಗು ತಡೆಯಲು ಕೆಮ್ಮಿದ.

“ನಗಪ್ಪ, ನಗು. ಬಾಟಮ್ ಅಂದ್ರೆ ನೀನು ಊರ್ಕೊಂಡು ಕೂತಿರೋದಲ್ಲ. ಹಳೇ ಮಾತಲ್ಲಿ ಕಣಿವೆ. ಚಳಿಗಾಲಕ್ಕೆ ದನಕುರಿ ಇಳಿಸ್ತಿದ್ದ ಕಣಿವೆಯೋರು ನಾವು. ಹೋದ ವರ್ಷ ಒಬ್ಬನೇ ಮಗನ್ನ ಮಣ್ಣು ಮಾಡಿದೀನಿ. ಇನ್ನು ಈ ಹೆಸರು ಹೇಳೋಕೆ ಆ ಕಲ್ಲುಗಳು ಬಿಟ್ರೆ ಯಾರಿದಾರೆ?”

ಇನ್‌ಸ್ಪೆಕ್ಟರ್ ಜಾಯ್ಸ್ ಎಂಟ್ವಿಸಲ್ ದೂರು ದಾಖಲಿಸಿ, ಸ್ಥಳಕ್ಕೆ ಹೋಗಿ ಪರಿಶೀಲಿಸಿದರು. ಆಮೇಲೆ ಒಂದು ವಾರ ಬರೀ ತಲೆನೋವು. ಪಬ್ಬಿನ ಪುಂಡರನ್ನು ವಿಚಾರಿಸಿದ್ದಾಯಿತು, ಕಲ್ಲುಕೆಲಸದವರನ್ನು ವಿಚಾರಿಸಿದ್ದಾಯಿತು. ಸಾಕ್ಷಿ ಕೇಳಿದರೆ ಜನ ವಂಶಾವಳಿ ಒಪ್ಪಿಸುತ್ತಿದ್ದರು. ಪಾದ್ರಿಯಂತೂ ಸೈಡ್‌ಬಾಟಮ್ ಅಂದರೆ ಅಗಲ ಕಣಿವೆ, ರಾಮ್ಸ್‌ಬಾಟಮ್ ಅಂದರೆ ಕಾಡುಬೆಳ್ಳುಳ್ಳಿ ಕಣಿವೆ ಎಂದು ಮುಕ್ಕಾಲು ಗಂಟೆ ಕೊರೆದರು. ಉಳಿ ಹಿಡಿದವರು ಯಾರೆಂದರೆ ಮಾತ್ರ ಎಲ್ಲರ ಬಾಯಿಗೂ ಬೀಗ.

“ಈ ಹೆಸರಿನ ಸಹವಾಸ ಸಾಕಪ್ಪಾ ಸಾಕು,” ಎಂದು ಗೊಣಗುತ್ತಲೇ ಎಂಟ್ವಿಸಲ್ ಮತ್ತೆ ಚರ್ಚಿಗೆ ಹೋದರು.

ಈ ಸಲ ಕಲ್ಲುಗಳನ್ನು ಒಂದೊಂದಾಗಿ ಕೈಯಿಂದ ಸವರಿ ನೋಡಿದರು. ಆರು ಕಲ್ಲುಗಳಲ್ಲಿ ಒರಟು ಏಟು. ಏಳನೆಯದು ಮಗ ಕಾಲಿನ್‌ನದು. ಅದರಲ್ಲಿ ಕೆತ್ತಿದ ಜಾಗವನ್ನು ನುಣ್ಣಗೆ ಉಜ್ಜಿ, ಪುಡಿಯನ್ನೂ ಗುಡಿಸಲಾಗಿತ್ತು.

“ಪುಂಡರು ಗುಡಿಸ್ತಾರೇನೋ, ಡಾಬ್ಸನ್?”

“ನಮ್ಮ ಮನೇಲಿ ನಾನೇ ಗುಡಿಸಲ್ಲ, ಮೇಡಂ.”

“ಇಲ್ಲಿ ಕಳೆ ಕೀಳೋಕೆ ಬರೋರು ಯಾರು?”

ವಾರವಾರವೂ ಬರುವವರು ಆರ್ನಲ್ಡರ ಹೆಂಡತಿ ಡೊರೀನ್ ಎಂದು ಪಾದ್ರಿ ಹೇಳಿದರು. ಆಕೆಯ ಮನೆಯಲ್ಲಿ, ಕಳೆ ಕೀಳುವಾಗ ಮೊಣಕಾಲಿಗೆ ಹಾಕಿಕೊಳ್ಳುವ ದಿಂಬಿನ ಹೊಲಿಗೆಯಲ್ಲಿ ಕಲ್ಲಿನ ಪುಡಿ ಸಿಕ್ಕಿತು. ಗಂಡನ ಉಳಿಯನ್ನು ಡೊರೀನ್ ತಾವೇ ತಂದು ಮೇಜಿನ ಮೇಲಿಟ್ಟರು.

“ಏಳಕ್ಕೆ ಏಳೂ ಯಾಕಮ್ಮ?”

“ಮಗನದೊಂದೇ ಕೆತ್ತಿದ್ರೆ ನಾನೇ ಅಂತ ಇವ್ರಿಗೆ ಗೊತ್ತಾಗೋದು.” ಡೊರೀನ್ ಪಕ್ಕದಲ್ಲೇ ನಿಂತಿದ್ದ ಗಂಡನ ಕಡೆ ನೋಡಲಿಲ್ಲ. “ಶಾಲೇಲಿ ಅವನ ಚಡ್ಡಿ ಎಳೆದು, ಬಾಟಮ್ ತೋರ್ಸೋ ಅಂತಿದ್ರು. ದಿನಾ ಅಳ್ತಾ ಬರೋನು. ಆಸ್ಪತ್ರೇಲಿ ಸಾಯೋಕೆ ಮುಂಚೆ ನನ್ನ ಕೈ ಹಿಡ್ಕೊಂಡು, ಅಮ್ಮಾ, ಕಲ್ಲಿನ ಮೇಲಾದ್ರೂ ಬರೀ ವಿಂಟರ್ ಅಂತ ಹಾಕ್ಸು ಅಂದ. ನನ್ನ ಕೇಳದೇ ಇವ್ರು ಪೂರ್ತಿ ಹೆಸರು ಕೆತ್ತಿಸಿಬಿಟ್ರು.”

ಎಂಟ್ವಿಸಲ್ ನೋಟ್‌ಬುಕ್ ತೆರೆದರು. ಬಂಧಿಸುವಾಗ ಹೇಳಬೇಕಾದ ಮಾತುಗಳನ್ನು ಓದಿ ಹೇಳಿ, ಪೂರ್ತಿ ಹೆಸರು ಕೇಳಿದರು.

“ಡೊರೀನ್ ವಿಂಟರ್‌ಬಾಟಮ್. ಬಿಡದೆ ಬರ್ಕೊಳ್ಳಿ. ನಂಗೇನೂ ನಾಚಿಕೆ ಇಲ್ಲ.”

ಆರ್ನಲ್ಡ್ ಕೋಟು ತಂದು ಹೆಂಡತಿಯ ಹೆಗಲಿಗೆ ಹಾಕಿದರು.

“ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ ಅವನು?”

“ಕೇಳಿದ್ದ,” ಅಂದರು ಡೊರೀನ್. “ಎಂಟು ವರ್ಷದೋನಿದ್ದಾಗ. ನೀವು ಕಣಿವೆ ಕತೆ ಹೇಳಿ ಕಳಿಸಿದ್ರಿ.”