ಖಾರದ ಗಿರಣಿಯಲ್ಲಿ ಬೀಸಿದ ಸೀಗೆಕಾಯಿ

"ಏನ್ರೀ, ಖಾರ ಬೀಸಿದ ಮಶೀನಿನ್ಯಾಗ ನನ್ನ ಸೀಗಿಕಾಯಿ ಹಾಕೀರೇನು?"

ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡೇ ಸುರೇಬಾನದ ಗಿರಣಿಗೆ ನುಗ್ಗಿದ್ದಳು ಭಾಗ್ಯಾ. ನೆತ್ತಿ ಉರಿಯುತ್ತಿತ್ತು, ಕಣ್ಣು ಕೆಂಪಾಗಿದ್ದವು.

ಗಿರಣಿಯ ವಿರೂಪಾಕ್ಷ ಮಶೀನು ನಿಲ್ಲಿಸಿದ.

"ಹೌದ್ರಿ. ಒರಸಿದ್ದೆ, ಸಾಲಲಿಲ್ಲ. ತಪ್ಪು ನಂದ."

ಜಗಳಕ್ಕೆ ಟೊಂಕ ಕಟ್ಟಿ ಬಂದವಳಿಗೆ ಎದುರು ಮಾತೇ ಇಲ್ಲವೆಂದರೆ! ತಪ್ಪನ್ನು ಹೀಗೆ ನೇರವಾಗಿ ಒಪ್ಪಿಕೊಳ್ಳುವ ಗಂಡಸನ್ನು ಅವಳು ನೋಡಿಯೇ ಇರಲಿಲ್ಲ. ಸಿಟ್ಟು ಅರ್ಧ ಇಳಿಯಿತು.

ಅಷ್ಟರಲ್ಲಿ ಅವನೆಂದ, "ಇನ್ನ ಮ್ಯಾಲೆ ನಿಮ್ಮ ಸೀಗಿಕಾಯಿ ಇಲ್ಲಿ ತರಬ್ಯಾಡ್ರಿ."

ಆ ಮಾತು ನೆತ್ತಿಗಿಂತ ಹೆಚ್ಚು ಉರಿಯಿತು.

ಶಾಂಪೂ ಸೋಕಿದರೆ ಗುಳ್ಳೆ ಏಳುವ ತಲೆ ಅವಳದು. ಅಲ್ಲಲ್ಲಿ ಕೂದಲು ಉದುರಿದೆಯೆಂದೇ ಕಿತ್ತೂರಿನ ಸಂಬಂಧ ಮುರಿದಿತ್ತು. 'ಇವಗೂ ನಾ ಬ್ಯಾಡಾದೆ...' ಎಂದು ಮನೆಗೆ ಬಂದು ಅತ್ತಳು.

ಅವನ ಮೇಲೆ ಆಸೆಯಿತ್ತೇ? ಇತ್ತು! ಎರಡು ಸೇರು ಜೋಳಕ್ಕೆ ವಾರದಲ್ಲಿ ಮೂರು ಸಲ ಸುಮ್ಮನೆ ಯಾರು ಗಿರಣಿಗೆ ಹೋಗುತ್ತಾರೆ?

ಎಂಟು ದಿನದ ಮೇಲೆ ಬೆಳಿಗ್ಗೆ ಅವನೇ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲೊಂದು ಡಬ್ಬಿ.

"ಅವ್ವನ ಒಳಕಲ್ಲಾಗ ಕುಟ್ಟೇನ್ರಿ. ಸೀಗಿಕಾಯಿ, ಮೆಂತೆ, ಒಣಗಿಸಿದ ದಾಸವಾಳದ ಎಲಿ. ಅರಿವ್ಯಾಗ ಎರಡ ಸಲ ಸೋಸೇನಿ. ಉಗುರುಬೆಚ್ಚನ ನೀರಾಗ ಕಲಸಿ ಬೆರಳ ತುದೀಲೆ ಹಚ್ಚರಿ, ತಿಕ್ಕಬ್ಯಾಡ್ರಿ. ನನ್ನ ತೆಲಿಗೆ ಮೂರ ಸಲ ಹಚ್ಚಿ ನೋಡೇನಿ. ನೀವೂ ಮೊದಲ ಮುಂಗೈಗೆ ಹಚ್ಚಿ ನೋಡ್ರಿ."

"ತರಬ್ಯಾಡ್ರಿ ಅಂದವ್ರು ನೀವ..."

"ಮಶೀನಿನ ಘಾಟು ಎಷ್ಟ ಒರಸಿದ್ರೂ ಹೋಗಂಗಿಲ್ರಿ. ಅದಕ್ಕ ನಾನ ಕುಟ್ಟಿ ತರೂದಂತ ಮಾಡಿದ್ದೆ."

ಅಷ್ಟನ್ನು ಅಂದೇ ಹೇಳಿದ್ದರೆ ಏನಾಗುತ್ತಿತ್ತು, ಪುಣ್ಯಾತ್ಮ!

ಅವನ ಅಂಗೈಯಲ್ಲಿ ಒನಕೆ ಹಿಡಿದು ಎದ್ದ ಬೊಬ್ಬೆಗಳನ್ನು ಕಂಡು ಭಾಗ್ಯಾಳ ಎದೆ ತುಂಬಿತು. ಮನೆಯವರೂ ರೇಗುವ ಅವಳ ತಲೆಯ ಬಗ್ಗೆ ಇವನೊಬ್ಬ ಇಷ್ಟು ಮೆತ್ತಗೆ ಯೋಚಿಸಿದ್ದ. ಎಂಥ ಮನುಷ್ಯ!

"ಇನ್ನೊಂದ ಕೇಳ್ಲೇನು?" ಅವನು ಡಬ್ಬಿಯನ್ನು ಅವಳ ಕೈಗಿತ್ತ. "ನನ್ನ ಜೋಡಿ ಲಗ್ನಾ ಆಗ್ತೀರೇನ್ರಿ?"

ಸುಳ್ಳಿನ ಮೇಲೆ ಸಂಸಾರ ಕಟ್ಟುವುದು ಭಾಗ್ಯಾಳಿಗೆ ಬೇಡವಾಗಿತ್ತು. ಯಾರೆದುರೂ ತೆಗೆಯದ ದುಪಟ್ಟಾವನ್ನು ತಾನೇ ತಲೆಯಿಂದ ಸರಿಸಿದಳು.

"ನೋಡ್ರಿ... ನಾ ಹಿಂಗ ಅದೇನಿ."

ಅವನು ನೋಡಿದ. ಕಣ್ಣು ತಪ್ಪಿಸಲಿಲ್ಲ.

"ನೋಡಿದ್ನಿ. ನಾ ಕೂದಲಾ ಕೇಳಾಕ ಬಂದಿಲ್ರಿ, ನಿಮ್ಮನ್ನ ಕೇಳಾಕ ಬಂದೇನಿ. ಏನ ಹೇಳ್ತೀರಿ?"

ಭಾಗ್ಯಾ ಅಳುತ್ತಲೇ ನಕ್ಕಳು.

"ನಾಳೆ ನಿಮ್ಮ ಅವ್ವನ್ನ ಕರ್ಕೊಂಡ ಬರ್ರಿ..."