ಮೊರಾಲ್ಟಾ ಕೊಟ್ಟ ಮುನ್ನೂರು ಮಚ್ಚು

ಮುನ್ನೂರು ಮಚ್ಚುಗಳು ಒಮ್ಮೆಗೇ ಮೇಲೆದ್ದು ಒಮ್ಮೆಗೇ ಬಿದ್ದವು. ಕೆರಿಬಿಯನ್ ಕಡಲಿನ ಸೇಂತ್ ಒದೀಲ್ ದ್ವೀಪದ ಕಬ್ಬಿನ ಬಯಲಿನಿಂದ ಎದ್ದ ಧೂಳಿಗೆ, ನಲವತ್ತು ಕಿಲೋಮೀಟರ್ ಆಚೆಯ ಮೊರಾಲ್ಟಾ ದ್ವೀಪದ ಬಿಷಪ್ಪರು ಪ್ರಾರ್ಥನೆಯ ನಡುವೆಯೇ ಹದಿನೇಳು ಸಲ ಸೀನಿದರು. ಸುಳ್ಳೆನ್ನುವವರು ಬಿಷಪ್ಪರನ್ನೇ ಕೇಳಿಕೊಳ್ಳಬಹುದು.

ಕಬ್ಬು ಕಡಿಯುತ್ತಿದ್ದುದು ಮನುಷ್ಯರಲ್ಲ, ಆಳೆತ್ತರದ ಯಂತ್ರಗಳು. ಈ ಎರಡು ದೇಶಗಳು ಮಾತು ಬಿಟ್ಟು ಎಪ್ಪತ್ತು ವರ್ಷಗಳಾಗಿದ್ದವು. ನಡುವಿನ ಜಲಸಂಧಿಯಲ್ಲಿ ಎಷ್ಟು ಗುಂಡು ಹಾರಿತ್ತೆಂದರೆ, ಅಲ್ಲಿನ ಮೀನುಗಳು ತಲೆ ತಗ್ಗಿಸಿ ಈಜುವುದನ್ನು ಕಲಿತಿದ್ದವು. ಕೊನೆಗೆ ರಾಜಿಯಾಗಿ, ಸ್ನೇಹದ ಗುರುತಿಗೆ ಮೊರಾಲ್ಟಾ ಮುನ್ನೂರು ಯಂತ್ರಗಳನ್ನು ತಾಂತ್ರಿಕ ನೆರವೆಂದು ಕಳುಹಿಸಿತು. ಜೊತೆಗೆ ಅವುಗಳನ್ನು ರಚಿಸಿದ ಡಾಕ್ಟರ್ ಇಗ್ನಾಸಿಯೋ ಬರಾಯಸ್‌ರನ್ನೂ ಕಳುಹಿಸಿತು.

ಸೇಂತ್ ಒದೀಲಿನ ಕೂಲಿಯವರು ಮುತ್ತಾತನ ಕಾಲದಿಂದಲೂ ನಗಾರಿಯ ಪೆಟ್ಟಿಗೆ ಸರಿಯಾಗಿ ಮಚ್ಚು ಬೀಸುವವರು. ಅದನ್ನು ಕಂಡ ಡಾಕ್ಟರು ಪ್ರತಿ ಯಂತ್ರದಲ್ಲೂ ಒಂದು ‘ತಾಳಗ್ರಾಹಿ’ ಕೂಡಿಸಿದ್ದರು. ನಗಾರಿ ಮೊಳಗಿದರೆ ಯಂತ್ರ ಕಡಿಯುತ್ತದೆ, ನಿಂತರೆ ನಿಲ್ಲುತ್ತದೆ. ಇನ್ನೊಂದು ‘ಸಮೂಹಸ್ಮೃತಿ’. ಮನುಷ್ಯರು ಮಾಡುವುದನ್ನು ಒಂದು ಯಂತ್ರ ನೋಡಿ ಕಲಿತರೆ, ಅದೇ ಗಳಿಗೆಯಲ್ಲಿ ಉಳಿದವೂ ಕಲಿತಿರುತ್ತವೆ. ಕಲಿತದ್ದನ್ನು ಎಂದೂ ಮರೆಯುವುದಿಲ್ಲ.

“ನಿಲ್ಸೋಕೆ ಗುಂಡಿ ಎಲ್ಲಿದೆ, ಡಾಕ್ಟ್ರೇ?” ಎಂದು ಮುದುಕ ತೆಯೊಫಿಲ್ ಕೇಳಿದ. ಐವತ್ತು ವರ್ಷ ನಗಾರಿ ಬಡಿದ ಅವನ ಅಂಗೈಯಲ್ಲಿ ತೆಂಗಿನಕಾಯಿ ಒಡೆಯಬಹುದಿತ್ತು.

“ನಿನ್ನ ನಗಾರಿಯೇ ಗುಂಡಿ, ತಾತ.”

“ಅಂದ್ರೆ ನಿಮ್ಮ ಯಂತ್ರಕ್ಕೆ ಕಿವಿ ಇದೆ. ಬುದ್ಧಿ?”

“ನಿನಗಿಂತ ಹೆಚ್ಚು.”

“ಹಾಗಾದ್ರೆ ಕಷ್ಟ,” ಎಂದ ಮುದುಕ.

ಕಟಾವು ಮುಗಿದ ಭಾನುವಾರ ಊರಿನ ವಾಡಿಕೆಯ ದೊಣ್ಣೆಕಾಳಗ. ಕಣದ ನಡುವೆ ಒಂದು ಗುಂಡಿ ತೋಡುತ್ತಾರೆ. ತಲೆ ಒಡೆಸಿಕೊಂಡವನು ಅದರ ಮುಂದೆ ಮಂಡಿಯೂರಿ ನೆತ್ತರು ಸುರಿಸಿ ಸೋಲೊಪ್ಪಿಕೊಳ್ಳಬೇಕು. ಗೆದ್ದವರು ಅವನ ಗಾಯಕ್ಕೆ ರಮ್ ಸುರಿದು ಬಟ್ಟೆ ಕಟ್ಟಬೇಕು. ಮೊದಲ ಹನಿ ಗುಂಡಿಗೆ ಬೀಳುವವರೆಗೆ ನಗಾರಿ ನಿಲ್ಲುವಂತಿಲ್ಲ. ಅಂದು ಕಣಕ್ಕಿಳಿದವಳು ತೆಯೊಫಿಲನ ಮೊಮ್ಮಗಳು ಸೊಲಾಂಜ್. ಅವಳು ದೊಣ್ಣೆ ಬೀಸಿದರೆ ಪಕ್ಕದೂರಿನವರು ತಲೆಗೆ ಪಾತ್ರೆ ಕವುಚಿಕೊಳ್ಳುತ್ತಿದ್ದರು.

ತೆಯೊಫಿಲ್ ನಗಾರಿಗೆ ಕೈ ಹಾಕಿದ. ಕಬ್ಬಿನ ಕಟಾವಿಗೂ ಕಾಳಗಕ್ಕೂ ಅಲ್ಲಿ ತಾಳ ಒಂದೇ. ಇದನ್ನು ಡಾಕ್ಟರು ಕೇಳಿರಲಿಲ್ಲ, ಊರಿನವರು ಹೇಳಿರಲಿಲ್ಲ.

ಒಂದು ಮೈಲಿ ದೂರದಲ್ಲಿ ಯಂತ್ರಗಳನ್ನು ಕೂಡಿಹಾಕಿದ್ದ ಕೊಟ್ಟಿಗೆಯ ಕಬ್ಬಿಣದ ಬಾಗಿಲು ಹಪ್ಪಳದಂತೆ ಪುಡಿಯಾಯಿತು. ಯಂತ್ರಗಳು ನೆಟ್ಟಗೆ ನಿಂತದ್ದನ್ನೆಲ್ಲ ಕಬ್ಬೆಂದೇ ತಿಳಿದು ಕಡಿಯುತ್ತ ಬಂದವು. ವಿದ್ಯುತ್ ಕಂಬಗಳು ಉರುಳಿದವು. ಮೊರಾಲ್ಟಾದ ರಾಯಭಾರಿಯ ಕಾರು ಉದ್ದಕ್ಕೆ ಎರಡು ಸೀಳಾಯಿತು. ಎಡಗಡೆಯ ಚಾಲಕ ಒಂದು ಬೀದಿಗೆ, ಬಲಗಡೆಯ ರಾಯಭಾರಿ ಇನ್ನೊಂದು ಬೀದಿಗೆ ಹೋದರು. ಕಟುಕನ ಬಲಗೈ ಮೊಣಕೈವರೆಗೆ ಹಾರಿ ಅವನದೇ ತಕ್ಕಡಿಗೆ ಬಿತ್ತು. ಹನ್ನೊಂದೇ ನಿಮಿಷದಲ್ಲಿ ಪೇಟೆ ಬೋಳಾಯಿತು. ಸೊಲಾಂಜಳ ಎದುರಾಳಿ ಬೇಲಿ ಹಾರಿ ಓಡಿದ. ಅವಳೊಬ್ಬಳೇ ಕಣದ ನಡುವೆ ಉಳಿದಳು. ಸುತ್ತ ಮುನ್ನೂರು ಮಚ್ಚು.

“ನಗಾರಿ ನಿಲ್ಲಿಸು! ನಿನ್ನ ಮೊಮ್ಮಗಳು ಸಾಯ್ತಾಳೆ!” ಎಂದು ಡಾಕ್ಟರು ಕಿರುಚಿದರು.

“ನಿಲ್ಸಿದ್ರೆ ಸಾಯ್ತಾಳೆ!” ಮುದುಕನ ಅಂಗೈ ಒಡೆದು ನಗಾರಿಯ ಚರ್ಮ ಕೆಂಪಾಗಿತ್ತು. “ಅವಳ ಕಾಲು ಓಡ್ತಿರೋದೇ ಈ ತಾಳದ ಮೇಲೆ. ತಾಳ ನಿಂತ್ರೆ ಬೀಸಿದ ಮಚ್ಚು ನಿಲ್ಲೋ ಮೊದ್ಲೇ ಅವಳ ಕಾಲು ನಿಲ್ಲುತ್ತೆ. ಗುಂಡಿಗೆ ನೆತ್ತರು ಬೀಳ್ಲಿ, ನಿಲ್ಲಿಸ್ತೀನಿ. ಅಲ್ಲೀವರ್ಗೂ ದೇವರು ಬಂದ್ರೂ ಇಲ್ಲ!”

ಸೊಲಾಂಜಳ ದೊಣ್ಣೆ ತುದಿಯಿಂದ ಚೂರುಚೂರಾಗಿ ಹಾರುತ್ತಿತ್ತು. ಎರಡು ಮೊಳ ಉಳಿಯಿತು. ಒಂದೂವರೆ ಉಳಿಯಿತು. ಡಾಕ್ಟರು ಎರಡು ಯಂತ್ರಗಳ ಕಾಲುಗಳ ನಡುವೆ ನುಸುಳಿ, ಗುಂಡಿಯ ಮುಂದೆ ಮಂಡಿಯೂರಿ, ತಲೆ ಒಡ್ಡಿದರು.

“ಹೊಡಿಯಮ್ಮ!”

“ನಿಜವಾಗ್ಲೂನಾ?”

“ಬೇಗ!”

ಸೊಲಾಂಜ್ ಎಪ್ಪತ್ತು ವರ್ಷದ ಹಗೆಯನ್ನೆಲ್ಲ ಸೇರಿಸಿ ಹೊಡೆದಳು. ಆ ಸದ್ದಿಗೆ ಬಂದರಿನ ಪೆಲಿಕನ್‌ಗಳೆಲ್ಲ ಹಾರಿಹೋಗಿ ಒಂದು ವಾರ ಮರಳಲಿಲ್ಲ. ಡಾಕ್ಟರ ಹಣೆಯಿಂದ ಮೊದಲ ಹನಿ ಗುಂಡಿಗೆ ಬಿತ್ತು. ನಗಾರಿ ನಿಂತಿತು. ಅವಳ ಕುತ್ತಿಗೆಗೆ ಒಂದು ಗೇಣು ದೂರದಲ್ಲಿ ಮಚ್ಚು ನಿಂತಿತು.

“ಸೋತ್ರಿ, ಡಾಕ್ಟ್ರೇ,” ಎಂದು ಸೊಲಾಂಜ್ ಗಾಯಕ್ಕೆ ರಮ್ ಸುರಿದು, ತನ್ನ ತಲೆವಸ್ತ್ರ ಹರಿದು ಕಟ್ಟಿದಳು. ಮುನ್ನೂರು ಯಂತ್ರಗಳು ಕಣ್ಣು ಮಿಟುಕಿಸದೆ ನೋಡುತ್ತಿದ್ದವು.

ರಾಯಭಾರಿಯ ಕಾರಿನ ನೆಪದಲ್ಲಿ ಸಂಬಂಧ ಮತ್ತೆ ಮುರಿಯಿತು. ಆದರೆ ಹನ್ನೊಂದು ನಿಮಿಷದ ಲೆಕ್ಕ ಕೇಳಿ ಮೊರಾಲ್ಟಾದ ಸೇನಾಪತಿ ಅಸಿಂತೋಗೆ ಆಸೆಯಿಂದ ಮೂರು ದಿನ ನಿದ್ದೆ ಹತ್ತಲಿಲ್ಲ. ಯಂತ್ರಗಳನ್ನು ವಾಪಸು ತರಿಸಿ, ಅವುಗಳ ಸಮೂಹಸ್ಮೃತಿಯನ್ನು ಮೂರು ಸಾವಿರ ಹೊಸ ಯಂತ್ರಗಳಿಗೆ ತುಂಬಿಸಿದ.

“ಇವು ಆ ದಿನ ಕಲಿತದ್ದೆಲ್ಲ ಇದೆ ತಾನೆ?” ಎಂದು ಡಾಕ್ಟರನ್ನು ಕೇಳಿದ.

“ಎಲ್ಲವೂ ಇದೆ, ಸೇನಾಪತಿಗಳೇ,” ಎಂದರು ಡಾಕ್ಟರು, ಹಣೆಯ ಕಲೆ ಸವರಿಕೊಳ್ಳುತ್ತ.

ಮರುವರ್ಷ ಮೂರು ಸಾವಿರ ಮಚ್ಚುಗಳು ಸೇಂತ್ ಒದೀಲಿನ ಮರಳಿಗೆ ಇಳಿದವು. ಹಡಗಿನ ಮೇಲೆ ಸೇನೆಯ ನಗಾರಿ ಗುಡುಗುತ್ತಿತ್ತು. ಮೊದಲ ಬೀಸಿಗೆ ನಲವತ್ತು ದೋಣಿಗಳು ಪುಡಿಯಾದವು, ಎರಡನೆಯದಕ್ಕೆ ಕಾವಲುಗೋಪುರ ಮಗುಚಿತು. ಮರಳುಮೂಟೆಗಳ ಹಿಂದೆ ಸೊಲಾಂಜ್ ಹೊಸ ದೊಣ್ಣೆ ಹಿಡಿದು ನಿಂತಳು, ಪಕ್ಕದಲ್ಲಿ ತಾತ. ಗೆಲುವನ್ನು ಹತ್ತಿರದಿಂದ ನೋಡಲೆಂದು ಸೇನಾಪತಿ ಬೂಟು ಕಳಚಿ ದೋಣಿಯಿಂದ ನೀರಿಗೆ ಧುಮುಕಿದ, ದಡ ಹತ್ತಿದ. ಒಡೆದ ಶಂಖದ ಚೂರೊಂದು ಅವನ ಹಿಮ್ಮಡಿಗೆ ಚುಚ್ಚಿತು.

ಮರಳಿಗೆ ಒಂದು ಹನಿ ಬಿತ್ತು.

ನಗಾರಿ ನಿಲ್ಲಲಿಲ್ಲ. ಯಂತ್ರಗಳು ನಿಂತವು. ಮೂರು ಸಾವಿರ ಮಚ್ಚುಗಳು ಮರಳಿಗೆ ಬಿದ್ದವು. ಎರಡು ಯಂತ್ರಗಳು ಸೇನಾಪತಿಯನ್ನು ಮೆಲ್ಲಗೆ ಹಿಡಿದು, ಕಣದಲ್ಲಿ ಡಾಕ್ಟರನ್ನು ಕಂಡಂತೆಯೇ ಮಂಡಿಯೂರಿಸಿದವು. ಕೈಗೆ ಸಿಕ್ಕ ಬಟ್ಟೆಯೆಂದರೆ ಮೊರಾಲ್ಟಾದ ಧ್ವಜಗಳು. ಅವನ್ನೇ ಹರಿದು ಕಟ್ಟತೊಡಗಿದವು. ಒಂದೊಂದು ಯಂತ್ರವೂ ಒಂದೊಂದು ಪಟ್ಟಿ. ಮೂರು ಸಾವಿರ ಪಟ್ಟಿ ಮುಗಿಯುವ ಹೊತ್ತಿಗೆ ಸೇನಾಪತಿಯ ಮೂಗು ಮಾತ್ರ ಹೊರಗಿತ್ತು.

“ಗಾಯ ಎಲ್ಲಿದೆ ಅಂತ ಹೇಗೆ ಹುಡುಕ್ಲಿ, ತಾತ?” ಎಂದಳು ಸೊಲಾಂಜ್, ರಮ್ ಬಾಟಲಿ ಹಿಡಿದು.

“ಪಟ್ಟಿ ಬಿಚ್ಚು. ನಿಧಾನಕ್ಕೆ ಬಿಚ್ಚು,” ಎಂದ ತೆಯೊಫಿಲ್, ಮರಳ ಮೇಲೆ ಕುಳಿತು. “ಆಮೇಲೆ ಅವರ ಡಾಕ್ಟ್ರಿಗೆ ಹೇಳಿಕಳಿಸು, ಯಂತ್ರಕ್ಕೆ ಬುದ್ಧಿ ಇದೆ ಅಂತ ಒಪ್ಕೊಂಡೆ.”